ಏಳು ಮಕ್ಕಳ ಶಾಲೆ

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಏಳೇ ಮಕ್ಕಳು. ಹತ್ತಿರದ ಸರ್ಕಾರಿ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಬಿದ್ದಿದೆ. ಮಾಸ್ತರರು ನೆಟ್ಟಗೆ ಕಲಿಸದಿದ್ದರೆ ಮಕ್ಕಳು ಯಾಕೆ ಬರುತ್ತಾರೆ? ಮುಚ್ಚಿ, ಪೇಟೆ ಶಾಲೆಗೆ ಸೇರಿಸುವುದೇ ವಾಸಿ ಅಲ್ವಾ?"

ಸಿಟ್ಟು ಅರ್ಥವಾಗುತ್ತದೆ. ಆದರೆ ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಗಂಟು ಕಟ್ಟಿದ್ದೀರಿ.

ಫಲಿತಾಂಶದ ಮಾತು ಮೊದಲು ಮುಗಿಸೋಣ. ಇಡೀ ರಾಜ್ಯದ್ದೇ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ! ಆ ವರ್ಷ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರ ನೋಡುವ ವ್ಯವಸ್ಥೆ ಬಂತು, ಅಷ್ಟೇ. ಒಂದೇ ವರ್ಷದಲ್ಲಿ ಮಾಸ್ತರರೆಲ್ಲ ಕಲಿಸುವುದು ಮರೆತರೇ? ಇನ್ನು ಹತ್ತೇ ಮಕ್ಕಳು ಕೂತ ಕಡೆ ಒಬ್ಬ ಗಣಿತದಲ್ಲಿ ಜಾರಿದರೂ ಶೇ 90 ಆಗಿಬಿಡುತ್ತದೆ.

ಏಳು ಮಕ್ಕಳ ಕತೆ ಬೇರೆ. ನಿಮ್ಮೂರ ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಕೇಳಿದ್ದೀರಾ? ತೋಟದ ಮನೆಗಳಲ್ಲಿ ಈಗ ಅಜ್ಜ, ಅಜ್ಜಿ ಇಬ್ಬರೇ. ಮೊಮ್ಮಕ್ಕಳು ಬೆಂಗಳೂರಿನಲ್ಲಿ. ಊರಲ್ಲೇ ಇಲ್ಲದ ಮಕ್ಕಳನ್ನು ಯಾವ ಅಕ್ಕೋರು ಹಾಜರಿ ಪುಸ್ತಕಕ್ಕೆ ತರುತ್ತಾರೆ? ಇರುವವರಲ್ಲೂ ಡಾಂಬರು ರಸ್ತೆ ಪಕ್ಕದವರು ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸುತ್ತಾರೆ. (ನಾನೂ ಮಗಳನ್ನು ಹತ್ತಿಸಿದವನೇ. ಸುಮ್ನೆ ಉಪದೇಶ ಬೇಡ.) ಉಳಿಯುವವರು ಹಳ್ಳದಾಚೆಯವರು, ಕೂಲಿಗೆ ಹೋಗುವವರ ಮಕ್ಕಳು.

ಹೋದ ಮಳೆಗಾಲ ಇಂಥದ್ದೇ ಶಾಲೆಯೊಂದಕ್ಕೆ ಹೋಗಿದ್ದೆ. ಬಾಗಿಲಲ್ಲಿ ಐದು ಜೊತೆ ಚಪ್ಪಲಿ, ನೀರು ಸೋರುವ ಮೂರು ಕೊಡೆ. ಒಬ್ಬರೇ ಅಕ್ಕೋರು. ಒಂದರಿಂದ ಮೂರನೇ ತರಗತಿ ನಲಿ-ಕಲಿ ಕಾರ್ಡು ಹರಡಿಕೊಂಡು ಕೂತಿತ್ತು, ನಾಲ್ಕು-ಐದು ಗೋಡೆ ಕಡೆ ಮುಖ ಮಾಡಿ ಭಾಗಾಕಾರ ಮಾಡುತ್ತಿತ್ತು. ನಡುನಡುವೆ ಬಿಸಿಯೂಟದ ಅಕ್ಕಿ ಲೆಕ್ಕ. ಒಬ್ಬಳು ಬಂದಿರಲಿಲ್ಲ. "ನೀರು ಹಳ್ಳ ದಾಟೋ ಕಾಲುಸಂಕದ ಹಲಗೆಗೆ ಬಡೀತಾ ಇದ್ರೆ ಅವಳು ಬರೋದಿಲ್ಲ" ಎಂದರು ಅಕ್ಕೋರು. ಕಾನೂನಿನ ಪ್ರಕಾರ ಐದನೇ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗಿರಬೇಕು. ನಕ್ಷೆಯಲ್ಲಿ ಅವಳ ಮನೆ ಅಷ್ಟೂ ದೂರವಿಲ್ಲ. ನಡುವೆ ಹಳ್ಳ ಇದೆ.

ಒಂದು ಮಾತು ನೀವು ಹೇಳಿದ್ದು ಸರಿ. ಖೋಖೋ ಆಡಲು ಒಂದು ತಂಡಕ್ಕೇ ಒಂಬತ್ತು ಜನ ಬೇಕು. ಏಳು ಮಕ್ಕಳಿಗೆ ಆ ಶಾಲೆ ಬೇಸರವೇ. ಹಾಗಾಗಿ ಸೇರಿಸುವುದೇ ತಪ್ಪು ಎನ್ನಲಾರೆ.

ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ. ಮುಚ್ಚುವ ಮಾತು ಬಂದರೆ ಇಷ್ಟು ಕೇಳಿ: ಜುಲೈನಲ್ಲಿ ಈ ಏಳು ಮಕ್ಕಳನ್ನು ಹಳ್ಳ ದಾಟಿಸುವವರು ಯಾರು, ವ್ಯಾನಿನ ಬಾಡಿಗೆ ಯಾರ ತಲೆಗೆ? ಸಿಕ್ಕ ಉತ್ತರ ಬರೆದು ಕಳಿಸಿ, ಹಾಕುತ್ತೇವೆ.

— ಸಂ.