ದಾವಣಗೆರೆ ಹುಡುಗಿಯನ್ನು ಜೂನ್‌ನಲ್ಲೇ ಮಂಗಳೂರಿಗೆ ಇಳಿಸಿ

ಫಸ್ಟ್ ಪಿಯುಸಿಗೆ ದಾವಣಗೆರೆಯಿಂದ ಮಂಗಳೂರಿಗೆ ಬಂದ ಹುಡುಗಿಯ ಬಗ್ಗೆ ಹಗುರವಾದ ಕಾದಂಬರಿ ಬರೆಯುತ್ತಿದ್ದೇನೆ, ಊರು ನಿಜ ಅನ್ನಿಸುವ ಹಾಗೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಬೀಚಿನಿಂದ ಖಂಡಿತ ಬೇಡ. ಬಸ್ಸಿನಿಂದ ಶುರು ಮಾಡಿ.

ಸರ್ಕಾರಿ ಬಸ್ಸು ಅವಳನ್ನು ಬಿಜೈಯಲ್ಲಿ ಇಳಿಸುತ್ತದೆ. ಆದರೆ ಊರಿನವರ ಬಾಯಲ್ಲಿ ಬಸ್ ಸ್ಟ್ಯಾಂಡ್ ಅಂದರೆ ಸ್ಟೇಟ್ ಬ್ಯಾಂಕ್ ಎಂಬ ಜಾಗ. ಹೆಚ್ಚಿನ ಖಾಸಗಿ ಸಿಟಿ ಬಸ್ಸುಗಳು ಹೊರಡುವುದು ಅಲ್ಲಿಂದ. ಅತ್ತೆ ಅಲ್ಲಿ ಕಾಯುತ್ತಾರೆ, ಹುಡುಗಿ ಇಲ್ಲಿ. ಮೊದಲ ಅಧ್ಯಾಯಕ್ಕೆ ಇಷ್ಟು ಗೊಂದಲ ಸಾಕು. (ರೈಲಿನಲ್ಲಿ ಬಂದರೂ ಅದೇ ಕಥೆ, ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ.)

ಇನ್ನು ಭಾಷೆ. ನಗುವಿನ ಗಣಿ ಇರುವುದು ಇಲ್ಲೇ. ಕಂಡಕ್ಟರ್ "ಬಲೆ ಬಲೆ" ಅಂತಾನೆ. ತುಳುವಿನಲ್ಲಿ ಅದು "ಬನ್ನಿ", ಅವಳ ತಲೆಯಲ್ಲಿ ಮಾತ್ರ ಮೀನು ಹಿಡಿಯುವ ಬಲೆ. ಗೂಡಂಗಡಿಯಲ್ಲಿ ಬೊಂಡ ಕೇಳಿದರೆ ಎಳನೀರು ಕೆತ್ತಿ ಕೊಡುತ್ತಾರೆ. ಬನ್ಸ್ ಅಂದರೆ ಬೇಕರಿಯದ್ದಲ್ಲ, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರಿದದ್ದು. ಊಟಕ್ಕೆ ಕೂತರೆ "ಬೆಳ್ತಿಗೆಯಾ, ಕುಚ್ಚಲಾ?" ಎಂಬ ಪ್ರಶ್ನೆ, ಅಂದರೆ ಬಿಳಿ ಅಕ್ಕಿಯ ಅನ್ನವೋ, ಕುಚ್ಚಲಕ್ಕಿಯದೋ ಅಂತ. ಇವನ್ನೆಲ್ಲ ಒಂದೇ ಅಧ್ಯಾಯಕ್ಕೆ ಸುರಿಯಬೇಡಿ, ಒಂದು ಸನ್ನಿವೇಶಕ್ಕೆ ಒಂದೇ ಪದ. ಅರ್ಥ ಮುಂದಿನ ಎರಡು ಸಾಲಿನೊಳಗೆ ಘಟನೆಯಿಂದಲೇ ಗೊತ್ತಾಗಬೇಕು. ಪುಸ್ತಕದ ಕೊನೆಯಲ್ಲಿ ಪದಕೋಶ ಕೊಟ್ಟರೆ ನಗು ಸತ್ತಿತು.

ಹೆಚ್ಚಿನವರು ಎಡವುವುದು ಎಲ್ಲಿ ಗೊತ್ತುಂಟಾ? ಮಂಗಳೂರಿನವರೆಲ್ಲ ತುಳುವರೇ ಎಂದುಕೊಳ್ಳುವುದರಲ್ಲಿ. ಒಂದೇ ಕ್ಲಾಸಿನಲ್ಲಿ ಕೊಂಕಣಿ, ಬ್ಯಾರಿ ಮನೆಮಾತಿನವರೂ ಇರುತ್ತಾರೆ. ಹೊಸಬಳನ್ನು ಕಂಡಾಗ ಎಲ್ಲರೂ ಕನ್ನಡಕ್ಕೆ ಬರುತ್ತಾರೆ, ಆ ಕನ್ನಡ ಅವಳಿಗೆ ಪಾಠಪುಸ್ತಕ ಓದಿದ ಹಾಗೆ ಕೇಳುತ್ತದೆ. ಅವಳ "ಐತಿ", "ಹೊಂಟೀನಿ" ಅವರಿಗೆ ತಮಾಷೆ. ನಗೆ ಎರಡೂ ಕಡೆಯಿಂದ ಬರಲಿ. ಗೆಳತಿಯರ ಬಾಯಿಗೆ "ಎಂತ ಮಾರಾಯ್ತಿ", "ಮಂಡೆ ಬಿಸಿ ಮಾಡ್ಬೇಡ" ಹಾಕಿ. "ಮಗಾ", "ಗುರು" ಬಂತೋ, ಓದುಗರು ಬೆಂಗಳೂರಿಗೆ ಹೋದರು.

ಕಥೆ ಜೂನ್‌ನಲ್ಲಿ ಶುರುವಾಗಬೇಕು ಅನ್ನುವುದಕ್ಕೆ ಕಾರಣ ಮಳೆ. ಬಟ್ಟೆ ಒಣಗದು, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಡಿಸಿ ನಾಳೆ ರಜೆ ಕೊಡುತ್ತಾರಾ ಎಂದು ರಾತ್ರಿಯೆಲ್ಲ ಮೊಬೈಲ್ ನೋಡುವ ಮಕ್ಕಳನ್ನು ಮರೆಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಅತ್ತೆ ದಿನಾ ತಾಜಾ ಅಂಜಲ್ ಮೀನು ಹುರಿದರೆ ಕರಾವಳಿಯವರು ಪುಸ್ತಕ ಮುಚ್ಚಿಡುತ್ತಾರೆ. ಒಣಮೀನಿನ ಚಟ್ನಿ ಮಾಡಿಸಿ.

ಆಟಿ ಅಮಾವಾಸ್ಯೆಗೆ, ಅಂದರೆ ಮಳೆಗಾಲದ ನಡುವೆ ತುಳುವರ ಆಟಿ ತಿಂಗಳಲ್ಲಿ ಬರುವ ಅಮಾವಾಸ್ಯೆಗೆ, ಒಂದು ಅಧ್ಯಾಯ ಮೀಸಲಿಡಿ. ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ, ಆ ಕಹಿ ಕಷಾಯದ ಹಿಂದೆ ಮೆಂತೆ ಗಂಜಿ. ಅವಳ ಮುಖ ಹೇಗಾಗುತ್ತದೆ ಎಂಬುದೇ ಒಂದು ಪುಟ. ಆದರೆ ತೊಗಟೆ ತರಲು ಅವಳೊಬ್ಬಳನ್ನೇ ಕಳಿಸಬೇಡಿ. ತಪ್ಪಿ ಕಾಸರಕ ಮರದ ತೊಗಟೆ ತಂದರೆ ಅದು ವಿಷ, ಹಗುರ ಕಾದಂಬರಿ ಅಲ್ಲಿಗೆ ಮುಗಿಯಿತು.

ಉದ್ದ 45,000 ಪದದ ಒಳಗಿರಲಿ. ದಾವಣಗೆರೆಯ ನೆನಪು ಬೆಣ್ಣೆದೋಸೆಯ ನೆಪದಲ್ಲಿ ಎರಡು ಮೂರು ಕಡೆ ಬಂದರೆ ಸಾಕು. ಬೀಚ್ ಬೇಕೇ ಬೇಕು ಅನ್ನುವುದಾದರೆ ದಸರೆಯ ಹುಲಿವೇಷ ಮುಗಿದ ಮೇಲೆ ಇಡಿ. ಜುಲೈಯಲ್ಲಿ ಕಡಲಿಗೆ ಇಳಿಯಲು ಬಿಡುವುದಿಲ್ಲ.