ಅಭಿಪ್ರಾಯ ಕೇಳಿದವರ ಮೇಲಿನ ಋಣ

ಓದುಗರ ಪತ್ರ: ನಗರದ ಕರಡು ಯೋಜನೆಗೆ ನಿವಾಸಿಗಳೆಲ್ಲರೂ ಅಭಿಪ್ರಾಯ ಬರೆದು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕರೆ ಕೊಟ್ಟಿದ್ದೀರಿ. ನಾನು ಮೂರು ಬಾರಿ ಬರೆದವನು. ಕಟ್ಟಿಕೊಂಡ ಚರಂಡಿಯ ಬಗ್ಗೆ ಒಮ್ಮೆ, ಬಸ್ ನಿಲ್ದಾಣದ ಜಾಗದ ಬಗ್ಗೆ ಒಮ್ಮೆ, ರಸ್ತೆ ಅಗಲೀಕರಣದ ಬಗ್ಗೆ ಒಮ್ಮೆ. ಮೂರಕ್ಕೂ ಸ್ವೀಕೃತಿ ಚೀಟಿ ಇದೆ, ಒಂದಕ್ಕೂ ಉತ್ತರವಿಲ್ಲ. ಅಗಲೀಕರಣದ ಸಭೆಗೆ ನಮ್ಮನ್ನು ಕರೆಯುವ ಹೊತ್ತಿಗೆ ಟೆಂಡರ್ ಆಗಿಹೋಗಿತ್ತು. ಯೋಜನೆ ರೂಪಿಸುವುದು ಪರಿಣತರ ಕೆಲಸ. ಅದನ್ನು ಅವರಿಗೇ ಬಿಡೋಣ. ಜನರನ್ನು ಕೂರಿಸಿ ಕೇಳುವ ಈ ಶಾಸ್ತ್ರ ಇನ್ನಾದರೂ ನಿಲ್ಲಲಿ. — ಹೆಸರು ಬೇಡವೆಂದ ಒಬ್ಬ ಓದುಗ

ಮಾನ್ಯರೇ,

ನಿಮ್ಮ ಪತ್ರ ಬಂದು ಹತ್ತು ದಿನಗಳಾದವು. ಎರಡು ಸಾಲಿನಲ್ಲಿ ಸಮಾಧಾನ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. "ಬರೆಯಿರಿ" ಎಂದು ಕರೆ ಕೊಟ್ಟ ನಾವು, ಬರೆದ ಮೇಲೆ ಏನನ್ನು ನಿರೀಕ್ಷಿಸುವ ಹಕ್ಕು ನಿಮಗಿದೆ ಎಂಬುದನ್ನು ಹೇಳಲಿಲ್ಲ. ಓದುಗರ ಶ್ರಮವನ್ನು ಬೇಡುವಾಗ ಅದನ್ನು ಹೇಳಲೇಬೇಕಿತ್ತು.

ನಿಮ್ಮ ಸಿಟ್ಟಿನ ಮೊದಲರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅಭಿಪ್ರಾಯ ಕೇಳುವುದೆಂದರೆ ಸಾಲ ಪಡೆದಂತೆ. ಒಬ್ಬರು ತಮ್ಮ ಸಂಜೆಯನ್ನು ಕೊಟ್ಟು, ನಕ್ಷೆಯನ್ನು ಬಿಡಿಸಿ ನೋಡಿ, ನಾಲ್ಕು ಪುಟ ಬರೆದು ಕಚೇರಿಗೆ ತಲುಪಿಸಿದ ಮೇಲೆ ಕೇಳಿದವರು ಅಷ್ಟರಮಟ್ಟಿಗೆ ಋಣಿಗಳು. ಸ್ವೀಕೃತಿ ಚೀಟಿ ಆ ಸಾಲದ ಪತ್ರವೇ ಹೊರತು ಸಾಲ ತೀರಿದ ರಸೀದಿಯಲ್ಲ. ಸೂಚನೆಯನ್ನು ಒಪ್ಪಲೇಬೇಕೆಂದು ಯಾರೂ ಹೇಳುವುದಿಲ್ಲ. ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬ ಎರಡು ಸಾಲಾದರೂ ಬರಬೇಕು. ಅದು ಬಾರದಿದ್ದರೆ ಕೇಳದೆ ಇದ್ದದ್ದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ. ಕೇಳದಿದ್ದರೆ ಜನ ದೂರ ಉಳಿಯುತ್ತಾರೆ, ಅಷ್ಟೆ. ಕೇಳಿ ಸುಮ್ಮನಾದರೆ ನಿಮ್ಮಂಥವರ ನಂಬಿಕೆಯೇ ಸಾಯುತ್ತದೆ.

ಇದು ನನ್ನೊಬ್ಬನ ಭಾವನೆಯಲ್ಲ, ನ್ಯಾಯಾಲಯದಲ್ಲಿ ತೀರ್ಮಾನವಾದ ವಿಷಯ. 1985ರಲ್ಲಿ ಲಂಡನ್ನಿನ ಬ್ರೆಂಟ್ ಎಂಬ ಸ್ಥಳೀಯ ಆಡಳಿತ ಶಾಲೆಗಳ ಮರುಸಂಘಟನೆಗೆ ಹೊರಟಾಗ ಪೋಷಕರು ಕೋರ್ಟಿಗೆ ಹೋದರು. ಆ ಪ್ರಕರಣದಿಂದ ನಾಲ್ಕು ನಿಯಮಗಳು ಹುಟ್ಟಿಕೊಂಡವು, ಅಲ್ಲಿ ಇಂದಿಗೂ ಅವುಗಳದೇ ಆಧಾರ. ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಬೇಕು. ಯೋಚಿಸಿ ಉತ್ತರಿಸಲು ಸಾಕಾಗುವಷ್ಟು ಕಾರಣಗಳನ್ನು ಅವರ ಮುಂದಿಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಆತ್ಮಸಾಕ್ಷಿಯಿಂದ ಪರಿಗಣಿಸಿದ ಮೇಲೆಯೇ ತೀರ್ಮಾನಿಸಬೇಕು. ಟೆಂಡರ್ ಆದ ಮೇಲೆ ಕರೆದ ನಿಮ್ಮ ಸಭೆ ಮೊದಲ ನಿಯಮದಲ್ಲೇ ಎಡವಿದೆ. ಪರಿಸರದ ವಿಷಯದಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ 1998ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೂ ಇದನ್ನೇ ಹೇಳುತ್ತದೆ: ಎಲ್ಲ ಆಯ್ಕೆಗಳೂ ತೆರೆದಿರುವಾಗ, ಆರಂಭದಲ್ಲಿಯೇ ಜನರನ್ನು ಒಳಗೊಳ್ಳಬೇಕು; ತೀರ್ಮಾನದ ಜೊತೆಗೆ ಅದರ ಕಾರಣಗಳನ್ನೂ ಸಾರ್ವಜನಿಕರಿಗೆ ತಿಳಿಸಬೇಕು.

ಅಮೆರಿಕದ ಸಾರ್ವಜನಿಕ ನೀತಿ ವಿಶ್ಲೇಷಕಿ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿಯೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ್ದರು. ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ಅಲ್ಲಿಗೇ ನಿಂತರೆ ಅದು ಬರೀ ತೋರಿಕೆ ಎಂಬುದು ಅವರ ನಿಷ್ಠುರ ಮಾತು. ನಿಮ್ಮನ್ನು ಆ ನಾಲ್ಕನೆಯ ಮೆಟ್ಟಿಲಿಗೆ ಹತ್ತಿಸಿ ಮೂರು ಬಾರಿ ಅಲ್ಲೇ ನಿಲ್ಲಿಸಲಾಗಿದೆ.

ಇಷ್ಟರವರೆಗೆ ನಾನು ನಿಮ್ಮ ಪಕ್ಷ. "ಪರಿಣತರಿಗೇ ಬಿಡೋಣ" ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಕೊಳವೆಯ ವ್ಯಾಸ ಎಷ್ಟಿರಬೇಕು, ಸೇತುವೆಯ ಕಂಬ ಎಷ್ಟು ಭಾರ ತಡೆಯಬೇಕು ಎಂಬುದನ್ನು ಎಂಜಿನಿಯರ್ ಹೇಳಬೇಕು. ನೀವೂ ಅಲ್ಲ, ನಾನೂ ಅಲ್ಲ. ಆದರೆ ಅರ್ಧ ಗಂಟೆ ಮಳೆ ಸುರಿದರೆ ನೀರು ಮೊದಲು ಯಾವ ಮನೆಯ ಹೊಸ್ತಿಲು ಮುಟ್ಟುತ್ತದೆ, ಸಂಜೆ ಏಳರ ಮೇಲೆ ಹೆಣ್ಣುಮಕ್ಕಳು ಯಾವ ಓಣಿಯನ್ನು ಬಿಟ್ಟು ಸುತ್ತು ಹಾಕಿ ನಡೆಯುತ್ತಾರೆ, ಗಾಲಿಕುರ್ಚಿಯವರು ಎಲ್ಲಿ ಪಾದಚಾರಿ ಮಾರ್ಗ ಬಿಟ್ಟು ವಾಹನಗಳ ನಡುವೆ ಇಳಿಯಬೇಕಾಗುತ್ತದೆ ಎಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಆ ಜ್ಞಾನ ಅಲ್ಲಿ ವಾಸಿಸುವವರಲ್ಲಿ ಮಾತ್ರ ಇದೆ. ಅದಿಲ್ಲದೆ ಎಂಜಿನಿಯರರ ಲೆಕ್ಕ ಸರಿಯಿದ್ದೂ ಕಟ್ಟಿದ್ದು ತಪ್ಪಾಗುತ್ತದೆ.

ಆಸ್ಟ್ರಿಯಾದ ವಿಯೆನ್ನಾ ನಗರದ ಉದಾಹರಣೆ ನನಗೆ ಬಹಳ ಇಷ್ಟ. ಹತ್ತು ವರ್ಷದ ಆಸುಪಾಸಿಗೆ ಬರುತ್ತಿದ್ದಂತೆ ಹುಡುಗಿಯರು ಸಾರ್ವಜನಿಕ ಉದ್ಯಾನಗಳಿಂದ ಕಾಣೆಯಾಗುತ್ತಾರೆ, ಹುಡುಗರು ಉಳಿಯುತ್ತಾರೆ ಎಂಬುದು 1990ರ ದಶಕದ ಅಧ್ಯಯನದಲ್ಲಿ ತಿಳಿಯಿತು. ಉದ್ಯಾನದ ನಡುವೆ ಒಂದೇ ದೊಡ್ಡ ಬಯಲಿದ್ದರೆ ಹುಡುಗರ ಗುಂಪು ಅದನ್ನು ಹಿಡಿದುಕೊಳ್ಳುತ್ತದೆ, ಹುಡುಗಿಯರು ಪೈಪೋಟಿಗೆ ಇಳಿಯದೆ ಹೊರಟುಬಿಡುತ್ತಾರೆ. ನಗರಾಡಳಿತ ಎರಡು ಉದ್ಯಾನಗಳನ್ನು ಬದಲಾಯಿಸಿತು. ಬಯಲನ್ನು ಸಣ್ಣ ಸಣ್ಣ ಜಾಗಗಳಾಗಿ ವಿಂಗಡಿಸಿತು, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್ ಆಡಲು ಅಂಕಣ ಮಾಡಿತು, ಓಡಾಡುವ ದಾರಿಗಳನ್ನು ಸುಧಾರಿಸಿತು. ಹುಡುಗಿಯರು ಮರಳಿದರು. ಯೋಚಿಸಿ ನೋಡಿ, ಆ ಹುಡುಗಿಯರಲ್ಲಿ ಒಬ್ಬಳಾದರೂ ಕಚೇರಿಗೆ ಅರ್ಜಿ ಬರೆದಿರುತ್ತಾಳೆಯೇ? ಬಾರದೆ ಇದ್ದವರನ್ನು ಹುಡುಕಿಕೊಂಡು ಹೋಗಿ ನೋಡಿದ್ದರಿಂದ ಗೊತ್ತಾಯಿತು.

ಸಭೆಗೆ ಬರುವವರು ಯಾರು ಎಂಬ ಪ್ರಶ್ನೆ ನಿಮ್ಮ ಪತ್ರದಲ್ಲಿಲ್ಲ. ನನ್ನ ನಿದ್ದೆ ಕೆಡಿಸುವುದು ಅದೇ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬಿಡುವಿರುವವರು ಮತ್ತು ಮಾತು ಬಲ್ಲವರು ಬರುತ್ತಾರೆ. ದಿನಗೂಲಿಯವರು, ಬಾಡಿಗೆ ಮನೆಯವರು, ಎಳೆ ಮಗುವಿನ ತಾಯಂದಿರು ಬರುವುದಿಲ್ಲ. ಮೊಬೈಲ್ ಇದ್ದರೆ ಈ ಕೊರತೆ ತುಂಬುತ್ತದೆ ಎಂದು ನಂಬುವವರಿದ್ದಾರೆ. ಅಮೆರಿಕದ ಬೋಸ್ಟನ್ ನಗರ ಸ್ಟ್ರೀಟ್ ಬಂಪ್ ಎಂಬ ಆ್ಯಪ್ ತಂದಿತ್ತು. ಕಾರಿನಲ್ಲಿರುವ ಫೋನು ಕುಲುಕಾಟವನ್ನು ಗ್ರಹಿಸಿ ರಸ್ತೆಗುಂಡಿ ಇರುವ ಜಾಗವನ್ನು ತಾನೇ ವರದಿ ಮಾಡುತ್ತಿತ್ತು. ಆದರೆ ಸ್ಮಾರ್ಟ್‌ಫೋನ್ ಕಡಿಮೆಯಿರುವ ಬಡವರ ಬಡಾವಣೆಗಳಲ್ಲಿ ಗುಂಡಿಗಳೇ ಇಲ್ಲವೆಂಬಂತೆ ಚಿತ್ರ ಮೂಡುವ ಅಪಾಯ ಅದರಲ್ಲಿತ್ತು. ದೂರು ಕಡಿಮೆ ಬಂದ ಕಡೆ ತೊಂದರೆ ಕಡಿಮೆ ಎಂದು ತಿಳಿಯುವ ಅಧಿಕಾರಿ, ಧ್ವನಿಯಿಲ್ಲದವರಿಗೆ ಎರಡನೆಯ ಬಾರಿ ಅನ್ಯಾಯ ಮಾಡುತ್ತಾನೆ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ತನ್ನ ಬಜೆಟ್ಟನ್ನೇ ಜನರ ಸಭೆಗಳ ಮುಂದಿಟ್ಟಿತು. ಅಲ್ಲಿ ಜೋರಾಗಿ ಕೇಳಿದವರಿಗೆ ಹಣ ಎಂಬ ಪದ್ಧತಿಯಿರಲಿಲ್ಲ. ಪ್ರದೇಶದ ಜನ ಯಾವುದಕ್ಕೆ ಆದ್ಯತೆ ಕೊಟ್ಟರು ಎಂಬುದರ ಜೊತೆಗೆ ಅಲ್ಲಿನ ಜನಸಂಖ್ಯೆ ಎಷ್ಟು, ಆ ಸೌಲಭ್ಯದ ಕೊರತೆ ಎಷ್ಟು ಎಂಬುದಕ್ಕೂ ಅಂಕ ಕೊಟ್ಟು ಹಂಚಿದರು. ಲೆಕ್ಕ ಎಲ್ಲರಿಗೂ ಕಾಣುತ್ತಿತ್ತು. ನೀರು ಮತ್ತು ಒಳಚರಂಡಿಯ ಸಂಪರ್ಕ 1988ರಲ್ಲಿ ಶೇಕಡ 75ರಷ್ಟು ಮನೆಗಳಿಗಿದ್ದದ್ದು 1997ರ ವೇಳೆಗೆ ಶೇಕಡ 98ಕ್ಕೆ ಏರಿತು ಎಂದು ವಿಶ್ವಬ್ಯಾಂಕ್ ದಾಖಲಿಸಿದೆ. ಇದನ್ನು ಕಂಡ ಜಗತ್ತಿನ ಎಷ್ಟೋ ನಗರಗಳು ಅದೇ ದಾರಿ ಹಿಡಿದವು. ಪ್ಯಾರಿಸ್ 2014ರಲ್ಲಿ ಶುರುಮಾಡಿತು. ಪೋರ್ಟೊ ಅಲೆಗ್ರೆಯಲ್ಲಿಯೇ 2017ರಲ್ಲಿ ಆ ಪದ್ಧತಿಯನ್ನು ತಡೆಹಿಡಿಯಲಾಯಿತು. ಆಡಳಿತದ ಮನಸ್ಸು ಬದಲಾದರೆ ಇಂಥದ್ದು ನಿಂತುಹೋಗುತ್ತದೆ ಎಂಬ ಆತಂಕಕ್ಕೆ ಅಲ್ಲಿಯೂ ಸಾಕ್ಷಿಯಿದೆ, ಅದನ್ನು ಮುಚ್ಚಿಡಲಾರೆ.

ನಿಮ್ಮ ಮೂರು ಪತ್ರಗಳ ಬಗ್ಗೆ ಒಂದು ಮಾತು. ಅವು ಮೂರೂ ಒಂದೇ ಜಾತಿಯವಲ್ಲ. ಚರಂಡಿ ಕಟ್ಟಿಕೊಂಡದ್ದು ಅಭಿಪ್ರಾಯದ ವಿಷಯವಲ್ಲ, ಅದು ದೂರು. ಅದಕ್ಕೆ ಬೇಕಾದದ್ದು ದೂರಿನ ಸಂಖ್ಯೆ, ಗಡುವು, ಹೊಣೆಗಾರ ಅಧಿಕಾರಿ. ಬ್ರಿಟನ್ನಿನಲ್ಲಿ 2007ರಲ್ಲಿ ಬಂದ ಫಿಕ್ಸ್‌ಮೈಸ್ಟ್ರೀಟ್ ಎಂಬ ವ್ಯವಸ್ಥೆಯಲ್ಲಿ ಇಂಥ ದೂರುಗಳು ನಕ್ಷೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತವೆ, ಹಾಗಾಗಿ ಒಬ್ಬರ ದೂರು ಕಡತದೊಳಗೆ ಮರೆಯಾಗುವುದಿಲ್ಲ. ರಸ್ತೆ ಅಗಲೀಕರಣ ನಿಜವಾದ ಅಭಿಪ್ರಾಯದ ವಿಷಯ. ರಸ್ತೆ ಯಾರಿಗಾಗಿ, ಮರ ಹೋಗಬೇಕೇ, ಅಂಗಡಿ ಹೋಗಬೇಕೇ ಎಂಬುದನ್ನು ಯಾವ ಎಂಜಿನಿಯರಿಂಗ್ ಸೂತ್ರವೂ ತೀರ್ಮಾನಿಸಲಾರದು. ಬಸ್ ನಿಲ್ದಾಣ ಎರಡರ ನಡುವಿನದು. ನೀವು ನಮಗೆ ಕಳುಹಿಸಿದ ಆ ಪತ್ರದ ಪ್ರತಿಯಲ್ಲಿ ಅದನ್ನು ಬಹಳ ಚೆನ್ನಾಗಿ ಬರೆದಿದ್ದೀರಿ. ಯಾವ ಹೊತ್ತಿಗೆ ಎಷ್ಟು ಜನ ಬಿಸಿಲಿನಲ್ಲಿ ನಿಲ್ಲುತ್ತಾರೆ, ಎಲ್ಲಿ ರಸ್ತೆ ದಾಟುತ್ತಾರೆ ಎಂದು ನಾಲ್ಕು ದಿನ ನಿಂತು ಎಣಿಸಿದ್ದೀರಿ. ಪರಿಣತರಿಗೇ ಬಿಡೋಣ ಎನ್ನುವ ನೀವೇ ಯಾವ ಪರಿಣತರೂ ಮಾಡದ ಕೆಲಸ ಮಾಡಿದ್ದೀರಿ.

ಆ ಎಣಿಕೆ ಕಡತದಲ್ಲಿ ಕೊಳೆಯುವುದು ನನಗೆ ಇಷ್ಟವಿಲ್ಲ. ನೀವು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಹೆಸರಿಲ್ಲದೆಯೇ ಪೂರ್ತಿಯಾಗಿ ಪ್ರಕಟಿಸುತ್ತೇವೆ. ಸಂಬಂಧಪಟ್ಟ ಕಚೇರಿಗೆ ಪತ್ರಿಕೆಯ ಪರವಾಗಿ ಒಂದೇ ಪ್ರಶ್ನೆ ಕಳುಹಿಸುತ್ತೇವೆ: ಈ ಸೂಚನೆಯನ್ನು ಒಪ್ಪಿದ್ದೀರಾ, ಇಲ್ಲವಾದರೆ ಕಾರಣವೇನು? ಉತ್ತರ ಬಂದರೆ ಒಂದಕ್ಷರ ಬಿಡದೆ ಅಚ್ಚುಹಾಕುತ್ತೇವೆ. ಬಾರದಿದ್ದರೆ ಎಷ್ಟು ದಿನವಾಯಿತೆಂದು ಪ್ರತಿ ಸಂಚಿಕೆಯಲ್ಲಿಯೂ ಇದೇ ಪುಟದಲ್ಲಿ ಬರೆಯುತ್ತೇವೆ. ಮೂರು ಸ್ವೀಕೃತಿ ಚೀಟಿಗಳ ಪ್ರತಿಗಳನ್ನು ದಯವಿಟ್ಟು ಕಳುಹಿಸಿಕೊಡಿ. ದಿನಾಂಕಗಳು ಸ್ಪಷ್ಟವಾಗಿ ಕಾಣುವಂತಿರಲಿ.

— ಸಂಪಾದಕ