ಆಫೀಸಿನಲ್ಲಿ ಮಾಡಿದ ಮೋಸ ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಅಡ್ಡಿಯಾಗುತ್ತದಾ?

ಆಗಬಹುದು. ಪೊಲೀಸ್ ಕೇಸು, ಕೋರ್ಟು ಏನೂ ಇಲ್ಲದಿದ್ದರೂ ಆಗಬಹುದು.

ಅಮೆರಿಕ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಸಿಗುವ ಅನುಮತಿಯೇ ಈ ಕ್ಲಿಯರೆನ್ಸ್. ಅದನ್ನು ಕೊಡುವ ಮುಂಚೆ 13 ವಿಷಯಗಳನ್ನು ತೂಗಿ ನೋಡುತ್ತಾರೆ. ಅದರಲ್ಲಿ ‘ಗೈಡ್‌ಲೈನ್ ಇ’ ನಡತೆಗೆ ಸಂಬಂಧಿಸಿದ್ದು. ಗುಟ್ಟಿನ ಕಡತ ಕೈಗೆ ಕೊಟ್ಟ ಮೇಲೆ ಯಾರೂ ಪಕ್ಕದಲ್ಲೇ ನಿಂತು ಕಾಯುವುದಿಲ್ಲ, ಅಲ್ವಾ? ಆರು ಗಂಟೆ ಕೆಲಸ ಮಾಡಿ ಟೈಮ್‌ಶೀಟ್‌ನಲ್ಲಿ ಎಂಟು ಅಂತ ಬರೆದವರು, ಯಾರೂ ನೋಡದಿದ್ದಾಗ ನಿಯಮ ಪಾಲಿಸುತ್ತಾರಾ ಅನ್ನೋ ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ.

ಆದರೆ ಜಾಸ್ತಿ ಜನ ಎಡವುವುದು ಅರ್ಜಿಯಲ್ಲಿ ಅಂತ ನನಗನ್ನಿಸುತ್ತದೆ. ಎಸ್‌ಎಫ್-86 ಅನ್ನುವ ಆ ಉದ್ದನೆಯ ಫಾರಂ, ಕಳೆದ 7 ವರ್ಷಗಳಲ್ಲಿ ಕೆಲಸದಿಂದ ತೆಗೆದಿದ್ದಾರಾ, ತೆಗೆಯುತ್ತೇವೆ ಅಂದ ಮೇಲೆ ನೀವೇ ಬಿಟ್ಟಿರಾ, ಲಿಖಿತ ಎಚ್ಚರಿಕೆ ಬಂದಿತ್ತಾ ಅಂತೆಲ್ಲ ಕೇಳುತ್ತದೆ. ಅಲ್ಲಿ ಸುಮ್ನೆ ‘ಇಲ್ಲ’ ಅಂತ ಹಾಕಿದರೆ ಹಳೆಯ ಸಣ್ಣ ತಪ್ಪಿನ ಮೇಲೆ ಹೊಸ ಸುಳ್ಳು ಸೇರುತ್ತದೆ. ತನಿಖೆಯವರು ಹಳೆಯ ಮ್ಯಾನೇಜರ್‌ ಜೊತೆ ಮಾತಾಡಬಹುದು. ಬೇಕಂತಲೇ ಹೇಳಿದ ಸುಳ್ಳಾದರೆ ಅದು ಫೆಡರಲ್ ಅಪರಾಧ, 5 ವರ್ಷದವರೆಗೆ ಜೈಲು ಆಗಬಹುದು.

ಹಾಗಂತ ಒಂದು ತಪ್ಪಿಗೆ ಬಾಗಿಲು ಮುಚ್ಚುವುದಿಲ್ಲ. ಎಷ್ಟು ಹಳೆಯದು, ಎಷ್ಟು ಸಲ ಆಯಿತು, ಆಮೇಲೆ ತಿದ್ದಿಕೊಂಡಿರಾ ಅನ್ನೋದನ್ನೂ ನೋಡುತ್ತಾರೆ. ಫಾರಂನಲ್ಲಿ ಬಿಟ್ಟದ್ದನ್ನು ಅವರು ಕೇಳುವ ಮೊದಲೇ ನೀವಾಗಿ ಸರಿಪಡಿಸಿದರೆ ಅದೂ ನಿಮ್ಮ ಪರವಾಗಿ ಲೆಕ್ಕಕ್ಕೆ ಬರುತ್ತದೆ.